ಮಗುವಿನ ಕೈಗೊಂದು ಜೀವದ ಹೊಣೆ

ಟೈಪ್ 1 ಮಧುಮೇಹವಿರುವ ಮಕ್ಕಳ ದಿನಚರಿ ಸುಲಭದ್ದಲ್ಲ. ದಿನಕ್ಕೆ ಹಲವು ಸಲ ರಕ್ತದ ಸಕ್ಕರೆ ನೋಡಿಕೊಳ್ಳಬೇಕು, ಅದನ್ನು ಬರೆದಿಡಬೇಕು, ಲೆಕ್ಕ ಹಾಕಿ ಇನ್ಸುಲಿನ್ ತೆಗೆದುಕೊಳ್ಳಬೇಕು. ಹತ್ತು ಹನ್ನೆರಡು ವರ್ಷ ದಾಟುತ್ತಿದ್ದಂತೆ ಮಕ್ಕಳಿಗೆ ಇದೆಲ್ಲ ಸಾಕು ಸಾಕಾಗುತ್ತದೆ. ಅಪ್ಪ ಅಮ್ಮ ನೆನಪಿಸಿದರೆ ಸಿಡಿಮಿಡಿ, ನೆನಪಿಸದಿದ್ದರೆ ಮರೆವು. ಅಮೆರಿಕದ ಡಲ್ಲಾಸ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ಸೌತ್‌ವೆಸ್ಟರ್ನ್ ವೈದ್ಯಕೀಯ ಕೇಂದ್ರದ ಸಂಶೋಧಕರು ಇಂಥ 28 ಮಕ್ಕಳನ್ನು ಆರಿಸಿಕೊಂಡು ಒಂದು ಪ್ರಯೋಗ ಮಾಡಿದರು. ಅವರ ವಯಸ್ಸು 10ರಿಂದ 17. ಒಂದು ಗುಂಪಿನ ಮಕ್ಕಳಿಗೆ ಗಾಜಿನ ತೊಟ್ಟಿಯನ್ನೂ ಅದರಲ್ಲಿ ಸಾಕಲು ಮೀನನ್ನೂ ಕೊಟ್ಟರು. ನಮ್ಮ ಅಂಗಡಿಗಳಲ್ಲಿ ಫೈಟರ್ ಎಂಬ ಹೆಸರಿನಿಂದ ಮಾರುವ, ಉದ್ದ ರೆಕ್ಕೆಯ ಬಣ್ಣದ ಮೀನು ಅದು.

ಜೊತೆಗೆ ಒಂದು ಕಟ್ಟುಪಾಡು. ಬೆಳಗ್ಗೆ ಮತ್ತು ರಾತ್ರಿ ಮೀನಿಗೆ ಆಹಾರ ಹಾಕಬೇಕು, ಹಾಕಿದಾಗಲೆಲ್ಲ ತಮ್ಮ ಸಕ್ಕರೆಯನ್ನೂ ನೋಡಿಕೊಳ್ಳಬೇಕು. ವಾರಕ್ಕೊಮ್ಮೆ ತೊಟ್ಟಿಯ ನೀರಿನಲ್ಲಿ ಕಾಲು ಭಾಗ ಬದಲಿಸಬೇಕು, ಅದೇ ದಿನ ಮನೆಯವರೊಂದಿಗೆ ಕೂತು ವಾರದ ಸಕ್ಕರೆ ಲೆಕ್ಕ ಪರಿಶೀಲಿಸಬೇಕು. ಮೂರು ತಿಂಗಳು ಕಳೆದ ಮೇಲೆ ಎಚ್‌ಬಿಎ1ಸಿ ಪರೀಕ್ಷೆ ನಡೆಯಿತು. ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಪರೀಕ್ಷೆ ಇದು. ಮೀನು ಸಾಕಿದ ಮಕ್ಕಳಲ್ಲಿ ಆ ಅಂಕಿ 0.5ರಷ್ಟು ಇಳಿದಿತ್ತು. ಮೀನು ಸಿಗದ ಮಕ್ಕಳಲ್ಲಿ 0.8ರಷ್ಟು ಏರಿತ್ತು.

2015ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು. 28 ಮಕ್ಕಳನ್ನು ನೋಡಿ ಇಡೀ ಲೋಕಕ್ಕೆ ಔಷಧ ಬರೆದುಕೊಡಲು ಆಗುವುದಿಲ್ಲ. ಆದರೂ ಅದರಲ್ಲಿ ಯೋಚಿಸಬೇಕಾದ ವಿಷಯವಿದೆ. ಆ ಮೀನು ಮಕ್ಕಳ ಮಡಿಲೇರಿ ಮಲಗಲಿಲ್ಲ, ಕೈ ನೆಕ್ಕಲಿಲ್ಲ, ಬಾಗಿಲಿಗೆ ಓಡಿಬಂದು ಬಾಲ ಅಲ್ಲಾಡಿಸಲಿಲ್ಲ. ಅದು ಮಾಡಿದ್ದೆಂದರೆ ಹೊತ್ತು ಹೊತ್ತಿಗೆ ಹಸಿದದ್ದು. ಇನ್ನೊಂದು ಜೀವದ ಹಸಿವನ್ನು ನೆನಪಿಟ್ಟುಕೊಂಡ ಮಗು ತನ್ನ ಆರೋಗ್ಯವನ್ನೂ ನೆನಪಿಟ್ಟುಕೊಂಡಿತು.

ಪ್ರಾಣಿಗಳಿಂದ ಮಕ್ಕಳಿಗೆ ಏನು ಲಾಭ ಎಂದು ಕೇಳುವವರೆಲ್ಲ ಗಮನಿಸಬೇಕಾದ ಸಂಗತಿ ಇದು. ಮನೆಗೆ ಪ್ರಾಣಿ ಬಂದ ಮಾತ್ರಕ್ಕೆ ಮಗುವಿಗೆ ಒಳಿತಾಗುವುದಿಲ್ಲ. ಮಗು ಅದಕ್ಕೆ ಉಣಿಸಬೇಕು, ಅದನ್ನು ಗಮನಿಸಬೇಕು, ಮುಟ್ಟಬೇಕು, ಅದಕ್ಕಾಗಿ ಕಾಯಬೇಕು. ಈ ಒಡನಾಟ ಇದ್ದಲ್ಲಿ ಲಾಭ ಕಾಣುತ್ತದೆ. ಹತ್ತಾರು ವರ್ಷಗಳ ಸಂಶೋಧನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಹೊರಡುವ ಮಾತೂ ಇದೇ.

ಇದಕ್ಕೆ ವಿರುದ್ಧವೆನಿಸುವ ಒಂದು ಅಧ್ಯಯನದಿಂದಲೇ ಶುರುಮಾಡೋಣ. ಅಮೆರಿಕದ ರ‍್ಯಾಂಡ್ ಸಂಸ್ಥೆಯ ಸಂಶೋಧಕರು ಕ್ಯಾಲಿಫೋರ್ನಿಯಾದ 5,000ಕ್ಕೂ ಹೆಚ್ಚು ಕುಟುಂಬಗಳ ಮಾಹಿತಿಯನ್ನು ಜಾಲಾಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೇಲುನೋಟಕ್ಕೆ ನಾಯಿ, ಬೆಕ್ಕು ಇರುವ ಮನೆಯ ಮಕ್ಕಳು ಹೆಚ್ಚು ಆರೋಗ್ಯವಾಗಿಯೇ ಇದ್ದರು. ಆದರೆ ಕುಟುಂಬದ ಆದಾಯ, ಮನೆಯ ಬಗೆ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆ ವ್ಯತ್ಯಾಸ ಕರಗಿಹೋಯಿತು. ನಾಯಿ ಸಾಕುವಷ್ಟು ಅನುಕೂಲವಿರುವ ಮನೆಗಳಲ್ಲಿ ಮಕ್ಕಳ ಆರೋಗ್ಯವನ್ನು ನೋಡಿಕೊಳ್ಳುವ ಅನುಕೂಲವೂ ಇರುತ್ತದೆ. ಆ ಶ್ರೇಯಸ್ಸನ್ನೆಲ್ಲ ನಾಯಿಗೆ ಕೊಡುವಂತಿಲ್ಲ. ಪ್ರಾಣಿಪ್ರಿಯರಿಗೆ ಬೇಸರ ತರುವ ಫಲಿತಾಂಶವೇ ಸರಿ. ಆದರೆ ಆ ಸಮೀಕ್ಷೆ ನೋಡಿದ್ದು ಮನೆಯಲ್ಲಿ ಪ್ರಾಣಿ ಇದೆಯೋ ಇಲ್ಲವೋ ಎಂಬುದನ್ನು. ಮಗು ಆ ಪ್ರಾಣಿಯ ಜೊತೆ ಏನು ಮಾಡುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಆ ಪ್ರಶ್ನೆಯನ್ನು ಫ್ಲಾರಿಡಾ ವಿಶ್ವವಿದ್ಯಾಲಯದ ಡಾರ್ಲೀನ್ ಕರ್ಟೆಸ್ ಮತ್ತು ಸಂಗಡಿಗರು ಕೇಳಿದರು. ನಾಯಿ ಸಾಕಿರುವ ಸುಮಾರು 100 ಕುಟುಂಬಗಳಿಂದ 7ರಿಂದ 12 ವರ್ಷದ ಮಕ್ಕಳನ್ನು ಪ್ರಯೋಗಾಲಯಕ್ಕೆ ಕರೆಸಿ, ಅಪರಿಚಿತರ ಮುಂದೆ ನಿಂತು ಭಾಷಣ ಮಾಡಲು, ಬಾಯಿಲೆಕ್ಕ ಹೇಳಲು ಹೇಳಿದರು. ಯಾವ ಮಗುವಿಗಾದರೂ ಎದೆ ಢವಢವ ಎನ್ನುವ ಹೊತ್ತು ಅದು. ಕೆಲವು ಮಕ್ಕಳು ಒಬ್ಬರೇ ಇದ್ದರು, ಕೆಲವರ ಪಕ್ಕದಲ್ಲಿ ಅಪ್ಪ ಅಥವಾ ಅಮ್ಮ, ಇನ್ನು ಕೆಲವರ ಪಕ್ಕದಲ್ಲಿ ಅವರದೇ ನಾಯಿ. ನಾಯಿ ಜೊತೆಗಿದ್ದ ಮಕ್ಕಳು ತಮಗೆ ಅಷ್ಟೇನೂ ಒತ್ತಡ ಅನಿಸಲಿಲ್ಲ ಎಂದರು.

ಸಂಶೋಧಕರು ಮಕ್ಕಳ ಎಂಜಲನ್ನೂ ಪರೀಕ್ಷಿಸಿದರು. ಒತ್ತಡ ಹೆಚ್ಚಿದಾಗ ದೇಹದಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನು ಎಂಜಲಿನಲ್ಲಿ ಸಿಗುತ್ತದೆ. ತಾವೇ ನಾಯಿಯನ್ನು ಹತ್ತಿರ ಕರೆದು ಮೈದಡವಿದ ಮಕ್ಕಳಲ್ಲಿ ಅದರ ಪ್ರಮಾಣ ಕಡಿಮೆ ಇತ್ತು. ಮಗು ಕರೆಯದಿದ್ದರೂ ನಾಯಿಯೇ ಮೇಲೆ ಬಿದ್ದು ಸುತ್ತಾಡಿದ್ದಾಗ ಪ್ರಮಾಣ ಹೆಚ್ಚಿರುವುದು ಕಂಡುಬಂತು. ಒಂದೇ ಕೋಣೆ, ಮಕ್ಕಳಿಗೆಲ್ಲ ಪರಿಚಯದ ನಾಯಿಗಳೇ. ಫಲ ಮಾತ್ರ ಒಡನಾಟದ ಬಗೆಯನ್ನು ಅನುಸರಿಸಿತು.

ಮಾತು ಬಾರದ ಪ್ರಾಣಿ ಮಾತು ಕಳೆದುಕೊಂಡ ಮಗುವಿಗೆ ನೆರವಾಗಬಹುದೆಂದು ವೈದ್ಯಲೋಕಕ್ಕೆ ಮೊದಲು ಒತ್ತಿ ಹೇಳಿದವರಲ್ಲಿ ನ್ಯೂಯಾರ್ಕ್‌ನ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್‌ಸನ್ ಮುಖ್ಯರು. 1950ರ ದಶಕದಲ್ಲಿ ಒಂದು ದಿನ ಅವರ ಕೋಣೆಗೆ ತಾಯಿಯೊಬ್ಬರು ಹೇಳಿದ ಸಮಯಕ್ಕಿಂತ ಬಹಳ ಮೊದಲೇ ಮಗನನ್ನು ಕರೆತಂದರು. ಹುಡುಗ ಯಾರೊಂದಿಗೂ ಬೆರೆಯದೆ ತನ್ನೊಳಗೇ ಮುದುಡಿಹೋಗಿದ್ದ. ಅದುವರೆಗಿನ ಚಿಕಿತ್ಸೆಗಳು ಫಲ ಕೊಟ್ಟಿರಲಿಲ್ಲ. ರೋಗಿಗಳು ಬರುವ ಹೊತ್ತಿಗೆ ಲೆವಿನ್‌ಸನ್ ತಮ್ಮ ನಾಯಿ ಜಿಂಗಲ್ಸ್‌ನನ್ನು ಹೊರಗೆ ಕಳಿಸುತ್ತಿದ್ದರು. ಅಂದು ಅದು ಅಲ್ಲೇ ಇತ್ತು. ಓಡಿಬಂದು ಹುಡುಗನನ್ನು ನೆಕ್ಕಿತು. ಅವನು ಹೆದರಲಿಲ್ಲ, ಅದನ್ನು ತಬ್ಬಿಕೊಂಡ. ತಾಯಿ ಬಿಡಿಸಲು ಹೋದಾಗ ಲೆವಿನ್‌ಸನ್ ಸನ್ನೆ ಮಾಡಿ ತಡೆದರು. ಮುಂದಿನ ಕೆಲವು ಭೇಟಿಗಳಲ್ಲಿ ಹುಡುಗ ಆಡಿದ್ದೆಲ್ಲ ನಾಯಿಯ ಜೊತೆ. ನಿಧಾನವಾಗಿ ಆ ಆಟಕ್ಕೆ ವೈದ್ಯರನ್ನೂ ಸೇರಿಸಿಕೊಂಡ.

1961ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಸಭೆಯಲ್ಲಿ ಲೆವಿನ್‌ಸನ್ ಇದನ್ನು ವಿವರಿಸಿದಾಗ ನಕ್ಕವರೂ ಇದ್ದರು. ಅವರು ಬಿಡಲಿಲ್ಲ. 1962ರಲ್ಲಿ ಲೇಖನ ಬರೆದರು, 1969ರಲ್ಲಿ ಪುಸ್ತಕವನ್ನೇ ತಂದರು. ಇಂದು ಹಲವು ದೇಶಗಳಲ್ಲಿ ತರಬೇತಿ ಪಡೆದ ನಾಯಿಗಳು ಮಕ್ಕಳ ಆಸ್ಪತ್ರೆಗಳಿಗೆ ಹೋಗುತ್ತವೆ, ಚಿಕಿತ್ಸಾ ಕೇಂದ್ರಗಳಲ್ಲಿ ಕೆಲಸ ಮಾಡುತ್ತವೆ.

ಶಾಲೆಯಲ್ಲಿ ಗಟ್ಟಿಯಾಗಿ ಓದಲು ಅಂಜುವ ಮಕ್ಕಳಿಗೂ ನಾಯಿ ಸಹಾಯಕ್ಕೆ ಬಂದಿದೆ. ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ನಗರದಲ್ಲಿ 1999ರಲ್ಲಿ ಶುರುವಾದ ಕಾರ್ಯಕ್ರಮವೊಂದರಲ್ಲಿ ಮಗು ನಾಯಿಯ ಪಕ್ಕ ಕೂತು ಅದಕ್ಕೆ ಕತೆ ಓದಿ ಹೇಳುತ್ತದೆ. ತಡವರಿಸಿದರೆ ನಾಯಿ ನಗುವುದಿಲ್ಲ, ತಿದ್ದುವುದಿಲ್ಲ, ಗಡಿಯಾರ ನೋಡುವುದಿಲ್ಲ. ತರಗತಿಯಲ್ಲಿ ನಾಲ್ಕು ಸಾಲಿಗೇ ನಿಲ್ಲುವ ಮಗು ಇಲ್ಲಿ ಪುಟ ತಿರುವಿ ಮುಂದೆ ಹೋಗಲು ಧೈರ್ಯ ಮಾಡುತ್ತದೆ.

ಆಟಿಸಂ ಇರುವ ಮಕ್ಕಳ ವಿಷಯದಲ್ಲೂ ಭರವಸೆಯ ಫಲಿತಾಂಶಗಳಿವೆ. ಆಸ್ಟ್ರೇಲಿಯಾದ ಶಾಲೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೂವರು ಮೂವರ ಗುಂಪು ಮಾಡಿದರು. ಪ್ರತಿ ಗುಂಪಿನಲ್ಲಿ ಆಟಿಸಂ ಇರುವ ಒಂದು ಮಗು, ಜೊತೆಗೆ ಇಬ್ಬರು ಸಹಪಾಠಿಗಳು. ಹತ್ತು ನಿಮಿಷ ಆಟಿಕೆಗಳ ಜೊತೆ ಆಡಿದಾಗ ಮಗು ಹೇಗಿರುತ್ತದೆ, ಹತ್ತು ನಿಮಿಷ ಗಿನಿ ಪಿಗ್‌ಗಳ ಜೊತೆ ಇದ್ದಾಗ ಹೇಗಿರುತ್ತದೆ ಎಂದು ಚಿತ್ರೀಕರಿಸಿ ಹೋಲಿಸಿದರು. ಪುಟ್ಟ ಪ್ರಾಣಿ ಇದ್ದಾಗ ಆಟಿಸಂ ಇರುವ ಮಕ್ಕಳು ಹೆಚ್ಚು ಮಾತಾಡಿದರು, ಹೆಚ್ಚು ನಕ್ಕರು, ಎದುರಿಗಿದ್ದವರ ಮುಖವನ್ನು ಹೆಚ್ಚು ಸಲ ನೋಡಿದರು. ಗಿನಿ ಪಿಗ್‌ ಮೂಲಕ ಆ ಮಗುವಿಗೆ ಪಕ್ಕದಲ್ಲಿದ್ದ ಮಕ್ಕಳೂ ಹತ್ತಿರವಾದರು ಎನ್ನುವುದು ತಂದೆ ತಾಯಂದಿರಿಗೆ ಸಣ್ಣ ಮಾತಲ್ಲ.

ಪ್ರಾಣಿಗಳ ಒಡನಾಟ ದೇಹದೊಳಗೂ ಕೆಲಸ ಮಾಡುತ್ತದೆ. ಅಮೆರಿಕದ ಆಮಿಶ್ ಮತ್ತು ಹಟರೈಟ್ ಎಂಬ ಎರಡು ಸಮುದಾಯಗಳ ಪೂರ್ವಜರು ಯೂರೋಪಿನಿಂದ ವಲಸೆ ಬಂದವರು. ವಂಶವಾಹಿಗಳು, ಆಹಾರ, ಜೀವನ ಪದ್ಧತಿ ಬಹುಪಾಲು ಒಂದೇ ತೆರನಾದವು. ಇಬ್ಬರೂ ಕೃಷಿಕರು. ವ್ಯತ್ಯಾಸವಿರುವುದು ಕೃಷಿಯ ರೀತಿಯಲ್ಲಿ. ಆಮಿಶ್ ಜನ ಕುದುರೆ ಕಟ್ಟಿ ಉಳುತ್ತಾರೆ, ದನದ ಕೊಟ್ಟಿಗೆ ಮನೆಯ ಹತ್ತಿರವೇ ಇರುತ್ತದೆ, ಮಕ್ಕಳು ಅಲ್ಲೇ ಆಡಿಕೊಂಡು ಬೆಳೆಯುತ್ತಾರೆ. ಹಟರೈಟ್ ಜನರದು ಯಂತ್ರಗಳ ದೊಡ್ಡ ಫಾರಂ, ಅದು ವಸತಿಯಿಂದ ದೂರ. ಆಮಿಶ್ ಮಕ್ಕಳಲ್ಲಿ ಅಸ್ತಮಾ ಶೇ 5ರಷ್ಟು, ಹಟರೈಟ್ ಮಕ್ಕಳಲ್ಲಿ ಶೇ 21ರಷ್ಟು. ಎರಡೂ ಕಡೆಯ ಮನೆಗಳ ದೂಳನ್ನು ಸಂಗ್ರಹಿಸಿ ಇಲಿಗಳ ಮೇಲೆ ಪ್ರಯೋಗಿಸಿದಾಗ ಆಮಿಶ್ ಮನೆಯ ದೂಳು ಮಾತ್ರ ಅವುಗಳ ಶ್ವಾಸಕೋಶಕ್ಕೆ ರಕ್ಷಣೆ ಕೊಟ್ಟಿತು. 2016ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಕೊಟ್ಟಿಗೆಯ ಸೂಕ್ಷ್ಮಜೀವಿಗಳು ಎಳವೆಯಲ್ಲೇ ಮಗುವಿನ ರೋಗನಿರೋಧಕ ವ್ಯವಸ್ಥೆಯನ್ನು ಪಳಗಿಸುತ್ತವೆ, ಕಂಡ ಕಂಡದ್ದಕ್ಕೆಲ್ಲ ಅದು ಸಿಡಿದೇಳದಂತೆ ಮಾಡುತ್ತವೆ ಎಂಬುದು ವಿಜ್ಞಾನಿಗಳ ವಿವರಣೆ.

ಸ್ವೀಡನ್ನಿನಲ್ಲಿ 2001ರಿಂದ 2010ರ ನಡುವೆ ಹುಟ್ಟಿದ ಲಕ್ಷಾಂತರ ಮಕ್ಕಳ ದಾಖಲೆಗಳನ್ನು ನೋಡಿದಾಗಲೂ ಇಂಥದ್ದೇ ಚಿತ್ರ ಸಿಕ್ಕಿತು. ಹುಟ್ಟಿದ ಮೊದಲ ವರ್ಷ ಮನೆಯಲ್ಲಿ ನಾಯಿ ಇದ್ದ ಮಕ್ಕಳಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲಿ ಅಸ್ತಮಾ ಬರುವ ಸಾಧ್ಯತೆ ಶೇ 13ರಷ್ಟು ಕಡಿಮೆ ಇತ್ತು. ಹಾಗೆಂದು ಈಗಾಗಲೇ ಅಸ್ತಮಾ ಅಥವಾ ಅಲರ್ಜಿ ಇರುವ ಮಗುವಿಗೆ ಮದ್ದೆಂದು ನಾಯಿ ತರಬಾರದು. ಅಂಥ ಮಕ್ಕಳಿಗೆ ಪ್ರಾಣಿಯ ಕೂದಲು, ಹೊಟ್ಟು ತೊಂದರೆಯನ್ನು ಹೆಚ್ಚಿಸಬಹುದು. ಮೊದಲು ವೈದ್ಯರನ್ನು ಕೇಳಬೇಕು.

ಮಕ್ಕಳ ಬುದ್ಧಿ ಬೆಳೆಯುವ ದಾರಿಯಲ್ಲೂ ಪ್ರಾಣಿಗಳಿವೆ. ಜಪಾನಿನ ಮನಶ್ಶಾಸ್ತ್ರಜ್ಞೆ ಕಯೋಕೊ ಇನಗಾಕಿ 1990ರಲ್ಲಿ ಐದು ವರ್ಷದ ಮಕ್ಕಳ ಕುರಿತ ಅಧ್ಯಯನ ಪ್ರಕಟಿಸಿದರು. ಮನೆಯಲ್ಲಿ ಚಿನ್ನದ ಬಣ್ಣದ ಗೋಲ್ಡ್‌ಫಿಶ್ ಸಾಕಿದ ಮಕ್ಕಳು ಒಂದು ಕಡೆ, ಸಾಕದ ಮಕ್ಕಳು ಇನ್ನೊಂದು ಕಡೆ. ಇಬ್ಬರಿಗೂ ಪರಿಚಯವಿಲ್ಲದ ಕಪ್ಪೆಯ ಬಗ್ಗೆ ಪ್ರಶ್ನೆ ಕೇಳಿದರು. ಮರಿಕಪ್ಪೆಯನ್ನು ಯಾವಾಗಲೂ ಇಷ್ಟೇ ಚಿಕ್ಕದಾಗಿ ಇಟ್ಟುಕೊಳ್ಳಬಹುದೇ ಎಂಬಂಥ ಪ್ರಶ್ನೆಗಳು. ಮೀನು ಸಾಕಿದ ಮಕ್ಕಳು ಆಗದು ಎಂದದ್ದಷ್ಟೇ ಅಲ್ಲ, ತಮ್ಮ ಮೀನು ಬೆಳೆದ ಹಾಗೆ ಕಪ್ಪೆಯೂ ಬೆಳೆಯುತ್ತದೆ ಎಂದು ಕಾರಣವನ್ನೂ ಕೊಟ್ಟರು. ಪಾಠಪುಸ್ತಕವಿಲ್ಲದೆ ಆ ಮಕ್ಕಳು ಜೀವಶಾಸ್ತ್ರದ ತರ್ಕ ಕಲಿತಿದ್ದರು. ದಿನವೂ ಆಹಾರ ಹಾಕಿದವರಿಗೆ ಮಾತ್ರ ಸಿಗುವ ತಿಳಿವಳಿಕೆ ಇದು.

ಕರ್ನಾಟಕದ ಹಳ್ಳಿಗಳಲ್ಲಿ ಈ ಕಲಿಕೆ ಹಿತ್ತಲಲ್ಲೇ ನಡೆಯುತ್ತದೆ. ಹೇಂಟೆಯನ್ನು ಕಾವಿಗೆ ಕೂರಿಸಿದ ಮನೆಯ ಮಕ್ಕಳನ್ನು ನೋಡಬೇಕು. ಹಳೆಯ ಬುಟ್ಟಿಗೆ ಹುಲ್ಲು ಹಾಸಿ, ಮೊಟ್ಟೆ ಜೋಡಿಸಿ, ಕತ್ತಲ ಮೂಲೆಯಲ್ಲಿಟ್ಟರೆ ಅಲ್ಲಿಂದ 21 ದಿನ ಲೆಕ್ಕ. ಕೂತ ಕೋಳಿ ಮೇವಿಗೆ, ನೀರಿಗೆ ಸ್ವಲ್ಪ ಹೊತ್ತು ಎದ್ದು ಹೋಗುತ್ತದೆ. ಮಕ್ಕಳು ಬುಟ್ಟಿಯೊಳಗೆ ಇಣುಕುವುದು ಆಗಲೇ. ಒಂದು ವಾರ ಕಳೆದ ಮೇಲೆ ಕತ್ತಲಲ್ಲಿ ಮೊಟ್ಟೆಯನ್ನು ಟಾರ್ಚಿನ ಬೆಳಕಿಗೆ ಹಿಡಿದರೆ ಒಳಗೆ ಕೆಂಪು ನರಗಳ ಬಲೆ, ನಡುವೆ ಮಿಸುಕುವ ಚುಕ್ಕೆ ಕಾಣುತ್ತದೆ. ನರ ಕಾಣದ ಮೊಟ್ಟೆ ಮರಿಯಾಗುವುದಿಲ್ಲ. ಕೊನೆಯ ದಿನ ಚಿಪ್ಪಿನೊಳಗಿಂದಲೇ ಚಿಂವ್ ಚಿಂವ್ ಕೇಳುತ್ತದೆ, ಚಿಪ್ಪಿನಲ್ಲಿ ಸಣ್ಣ ಬಿರುಕು ಬಿಡುತ್ತದೆ. ಮಗುವಿನ ಕೈ ತಡೆಯದು, ಬಿಡಿಸಿಕೊಡೋಣ ಎನ್ನುತ್ತದೆ. ಅಜ್ಜಿ ಗದರುತ್ತಾಳೆ: "ಮುಟ್ಟಬ್ಯಾಡ, ಅದಾಗೇ ಬರ್ಬೇಕು." ಅಜ್ಜಿಯ ಮಾತು ಸರಿ. ಹೊತ್ತಿಗೆ ಮುಂಚೆ ಚಿಪ್ಪು ಕಿತ್ತರೆ ಒಳಪೊರೆಯ ರಕ್ತನಾಳ ಹರಿದು ಮರಿ ಸಾಯಬಹುದು. ಕಾಯುವುದು ಕೂಡ ಆರೈಕೆಯೇ ಎಂದು ಮಗುವಿಗೆ ಅಲ್ಲಿ ತಿಳಿಯುತ್ತದೆ.

ಹೆಸರಿಟ್ಟು ಕರೆಯುವ ಕರು, ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಬಳಿಸಿಕೊಂಡ ಎತ್ತು, ಅದಾದ ಮೇಲೆ ಮಣ್ಣೆತ್ತಿನ ಅಮಾವಾಸ್ಯೆಗೆ ಉತ್ತರ ಕರ್ನಾಟಕದ ಮನೆಗಳಲ್ಲಿ ಮಾಡುವ ಮಣ್ಣಿನ ಜೋಡೆತ್ತು, ಇವೆಲ್ಲ ಬಾಲ್ಯದ ಭಾಗವಾಗಿದ್ದ ಕಾಲದಲ್ಲಿ ಪ್ರಾಣಿಯಿಂದ ಮಗುವಿಗೇನು ಲಾಭ ಎಂದು ಯಾರೂ ಪ್ರತ್ಯೇಕವಾಗಿ ಕೇಳಬೇಕಾಗಿರಲಿಲ್ಲ. ಉಳುಮೆಗೆ ಟ್ರ್ಯಾಕ್ಟರ್ ಬಂದು ಎತ್ತುಗಳು ಕಡಿಮೆಯಾದವು. ಊರು ಬಿಟ್ಟು ಬಂದ ಕುಟುಂಬಗಳು ಮೂರನೆಯ ಮಹಡಿಯಲ್ಲಿ ಬದುಕುತ್ತಿವೆ. ಈಗ ಈ ಒಡನಾಟವನ್ನು ದೊಡ್ಡವರು ಯೋಚಿಸಿ ಕಟ್ಟಿಕೊಡಬೇಕಾಗಿದೆ.

ಹಾಗೆ ಕಟ್ಟಿಕೊಡುವಾಗ ಎಚ್ಚರಬೇಕು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು ಪುಟ್ಟ ಮಕ್ಕಳಿಗೆ ನಾಯಿಗಳ ಚಿತ್ರ ತೋರಿಸಿದಾಗ, ಹಲ್ಲು ಕಿರಿದು ಗುರುಗುಟ್ಟುವ ನಾಯಿಯನ್ನು ಹಲವು ಮಕ್ಕಳು ನಗುತ್ತಿದೆ ಎಂದುಕೊಂಡರು. ನಗುವ ನಾಯಿಯನ್ನು ಮುದ್ದಿಸಲು ಮಗು ಮುಖವನ್ನೇ ಹತ್ತಿರ ಒಯ್ಯುತ್ತದೆ. ಆದ್ದರಿಂದ ಚಿಕ್ಕ ಮಕ್ಕಳನ್ನು ನಾಯಿಯ ಜೊತೆ, ಅದು ಎಷ್ಟೇ ಸಾಧುವಾಗಿದ್ದರೂ, ದೊಡ್ಡವರಿಲ್ಲದೆ ಬಿಡಬಾರದು. ಉಣ್ಣುವ, ಮಲಗಿದ, ಮರಿ ಹಾಕಿದ ನಾಯಿಯ ಬಳಿ ಹೋಗಬಾರದೆಂದು ಕಲಿಸಬೇಕು. ಮೈ ಸೆಟೆಸುವುದು, ಮುಖ ತಿರುಗಿಸುವುದು, ಮತ್ತೆ ಮತ್ತೆ ತುಟಿ ಸವರಿಕೊಳ್ಳುವುದು, ಇವು ನನ್ನನ್ನು ಬಿಡು ಎಂದು ನಾಯಿ ಹೇಳುವ ರೀತಿ. ಇದನ್ನು ಓದಲು ಕಲಿತ ಮಗು ಕಡಿತದಿಂದ ಪಾರಾಗುತ್ತದೆ, ಜೊತೆಗೆ ಬಾಯಿ ಬಿಟ್ಟು ಹೇಳದವರ ಮನಸ್ಸನ್ನು ಅರಿಯುವ ಅಭ್ಯಾಸವನ್ನೂ ಪಡೆಯುತ್ತದೆ.

ರೇಬಿಸ್ ವಿಷಯದಲ್ಲಿ ರಾಜಿ ಇಲ್ಲ. ರೇಬಿಸ್ ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ಶೇ 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಕರ್ನಾಟಕ ಸರ್ಕಾರ 2022ರಲ್ಲಿ ಮನುಷ್ಯರಲ್ಲಿನ ರೇಬಿಸ್ ಅನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ನಾಯಿ, ಬೆಕ್ಕು ಕಚ್ಚಿದರೆ, ಪರಚಿ ಗಾಯವಾದರೆ, ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಹಚ್ಚಬಾರದು. ಲಸಿಕೆಯ ಎಲ್ಲ ಸುತ್ತುಗಳನ್ನೂ ಮುಗಿಸಬೇಕು. ಬೈಯುತ್ತಾರೆಂದು ಹೆದರಿ ಗಾಯ ಮುಚ್ಚಿಡುವ ಮಕ್ಕಳಿದ್ದಾರೆ. ಕಚ್ಚಿದರೆ ಕೂಡಲೇ ಹೇಳಬೇಕು, ಯಾರೂ ಬೈಯುವುದಿಲ್ಲ ಎಂದು ಮೊದಲೇ ಹೇಳಿಟ್ಟಿರಬೇಕು.

ಯಾವ ಪ್ರಾಣಿ ಎಂಬ ಆಯ್ಕೆಯೂ ಮುಖ್ಯ. ಹಲವು ಮನೆಗಳ ಪಂಜರದಲ್ಲಿ ಈಗಲೂ ಕಾಣುವ ನಮ್ಮ ಹಸಿರು ಗಿಳಿ ಕಾಡಿನ ಹಕ್ಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಸಾಕುವುದು ಅಪರಾಧ, ನಕ್ಷತ್ರ ಆಮೆಯನ್ನು ಸಾಕುವುದೂ ಅಪರಾಧ. ಹೆಮ್ಮೆಯಿಂದ ತರುವ ಮುಧೋಳ ನಾಯಿ ಓಟಕ್ಕೆಂದೇ ಬೆಳೆದ ಬೇಟೆ ತಳಿ. ದಿನವೂ ಬಯಲಲ್ಲಿ ಓಡಿಸಲಾಗದವರು ಎರಡು ಕೋಣೆಯ ಮನೆಯಲ್ಲಿ ಕಟ್ಟಿಹಾಕಿದರೆ ಅದಕ್ಕೂ ಹಿಂಸೆ, ಮಗುವಿಗೂ ನೆಮ್ಮದಿ ಇಲ್ಲ. ಬೀದಿಯ ನಾಯಿಮರಿಯೊಂದನ್ನು ಪಶುವೈದ್ಯರಿಗೆ ತೋರಿಸಿ, ಲಸಿಕೆ ಹಾಕಿಸಿ ಸಾಕಿದರೆ ದುಬಾರಿ ತಳಿಗಳಿಗೆ ಏನೂ ಕಡಿಮೆಯಿಲ್ಲದ ಗೆಳೆಯನಾಗುತ್ತದೆ, ನಮ್ಮ ಹವೆಗೂ ಹೊಂದಿಕೊಳ್ಳುತ್ತದೆ.

ಪ್ರಾಣಿ ಸಾಕಲಾಗದ ಮನೆಯ ಮಕ್ಕಳೂ ಇದರಿಂದ ವಂಚಿತರಾಗಬೇಕಿಲ್ಲ. ಬಾಲ್ಕನಿಯಲ್ಲಿ ಹಕ್ಕಿಗಳಿಗೆ ಮಣ್ಣಿನ ಬೋಗುಣಿಯಲ್ಲಿ ನೀರಿಡುವುದು, ದಿನವೂ ಅದನ್ನು ತೊಳೆದು ತುಂಬುವುದು, ಬಂದ ಹಕ್ಕಿಯ ಹೆಸರನ್ನು ಪುಸ್ತಕದಲ್ಲಿ ಬರೆದಿಡುವುದು ಆರು ವರ್ಷದ ಮಗುವಿಗೂ ಸಾಧ್ಯ. ರಜೆಯಲ್ಲಿ ಅಜ್ಜಿಯ ಊರಿಗೆ ಹೋದಾಗ ಕರುವಿಗೆ ಹುಲ್ಲು ಹಾಕುವ ಕೆಲಸವನ್ನು ಮಗುವಿಗೇ ಬಿಡಬಹುದು. ಮೈಸೂರು ಮೃಗಾಲಯದಲ್ಲಿ ಹಣ ಕಟ್ಟಿ ಪ್ರಾಣಿಯೊಂದನ್ನು ದತ್ತು ಪಡೆಯುವ ಯೋಜನೆಯಿದೆ. ಹುಟ್ಟುಹಬ್ಬದ ಖರ್ಚಿನಲ್ಲಿ ಒಂದು ಪಾಲು ಉಳಿಸಿ ಮಗುವಿನ ಹೆಸರಿನಲ್ಲಿ ಅದನ್ನು ಮಾಡಬಹುದು.

ಸಾಕಿದ ಜೀವ ಒಂದು ದಿನ ಸಾಯುತ್ತದೆ. ಬಹಳಷ್ಟು ಮಕ್ಕಳು ಸಾವನ್ನು ಹತ್ತಿರದಿಂದ ನೋಡುವುದು ಹೀಗೆಯೇ ಮೊದಲು. ಓಡಿಹೋಯಿತು, ಯಾರೋ ತೆಗೆದುಕೊಂಡು ಹೋದರು ಎಂದು ಸುಳ್ಳು ಹೇಳಿದರೆ ಮಗು ಬಾಗಿಲ ಬಳಿ ಕಾಯುತ್ತದೆ, ಇಲ್ಲವೇ ತನ್ನದೇ ತಪ್ಪೆಂದು ಕೊರಗುತ್ತದೆ. ಸತ್ತುಹೋಯಿತು ಎಂದು ಸರಳವಾಗಿ ಹೇಳಬೇಕು, ಅಳಲು ಬಿಡಬೇಕು, ಮಣ್ಣು ಮಾಡುವಾಗ ಬರಲು ಇಷ್ಟವಿದ್ದರೆ ಕರೆದುಕೊಂಡು ಹೋಗಬೇಕು. ಮರುದಿನವೇ ಇನ್ನೊಂದು ಮರಿ ತಂದು ಬಾಯಿ ಮುಚ್ಚಿಸುವ ಆತುರ ಬೇಡ.

ಪ್ರಾಣಿಯನ್ನು ಮನೆಗೆ ತರುವ ಮುನ್ನ ಇಡೀ ಕುಟುಂಬ ಕೂತು ಕೆಲವು ವಿಷಯ ತೀರ್ಮಾನಿಸಬೇಕು. ಪರೀಕ್ಷೆಯ ದಿನಗಳಲ್ಲಿ ಊಟ ಹಾಕುವವರು ಯಾರು? ಊರಿಗೆ ಹೋದರೆ ಎಲ್ಲಿ ಬಿಡುವುದು? ಲಸಿಕೆ, ಔಷಧಕ್ಕೆ ತಿಂಗಳಿಗೆ ಎಷ್ಟು ತೆಗೆದಿಡುವುದು? ನಾಯಿ ಹತ್ತು ಹದಿನೈದು ವರ್ಷ ಬದುಕುತ್ತದೆ. ಇಂದು ಐದನೆಯ ತರಗತಿಯಲ್ಲಿರುವ ಮಗು ಕಾಲೇಜು ಮುಗಿಸುವವರೆಗೂ ಅದು ಮನೆಯಲ್ಲಿರುತ್ತದೆ. ನೀರಿನ ಬಟ್ಟಲು ತುಂಬುವುದು ಐದಾರು ವರ್ಷದ ಮಗುವಿನ ಪಾಲಿಗಿರಲಿ, ಮೈ ಬಾಚುವುದು, ಊಟ ಅಳೆದು ಹಾಕುವುದು ಎಂಟು ಒಂಬತ್ತರ ಮಗುವಿಗಿರಲಿ, ದೊಡ್ಡವರ ಜೊತೆ ವಾಕಿಂಗ್ ಕರೆದೊಯ್ಯುವುದು ಹನ್ನೆರಡಾದ ಮೇಲೆ. ಮಗು ಮರೆತ ದಿನ ಪ್ರಾಣಿ ಹಸಿದಿರಬಾರದು. ಆ ದಿನ ಬಟ್ಟಲು ತುಂಬಿಸುವ ಜವಾಬ್ದಾರಿ ಅಪ್ಪ ಅಮ್ಮನದು. ಇದಕ್ಕೆ ಇಬ್ಬರೂ ಒಪ್ಪಿದ ಮೇಲೆ ಮರಿಯನ್ನು ನೋಡಲು ಮಗುವನ್ನು ಕರೆದುಕೊಂಡು ಹೋಗಬಹುದು.